ಇನ್ನೂರ ಹನ್ನೊಂದನೆಯ ಪುಟ

ನಾವು ಐದು ಜನ, ಪುಸ್ತಕ ಒಂದೇ.
ಲೈಬ್ರರಿಯ ಮೊಹರು ಬಿದ್ದದ್ದು,
ಬೆನ್ನಿಗೆ ಯಾರದೋ ಹಳೇ ಪ್ಯಾಂಟಿನ ಬಟ್ಟೆ ಅಂಟಿಸಿದ್ದು.
ಹದಿನೈದು ದಿನಕ್ಕೆ ಒಬ್ಬರ ಹೆಸರಲ್ಲಿ ತರುವುದು,
ಗಡುವು ಮುಗಿದ ದಿನ ಕೊಟ್ಟು, ಅಲ್ಲೇ ನಿಂತು
ಇನ್ನೊಬ್ಬರ ಕಾರ್ಡಿನಲ್ಲಿ ಪಡೆಯುವುದು.
ಸುಶೀಲಾಬಾಯಿ ಕನ್ನಡಕದ ಮೇಲಿಂದ ನೋಡಿ
‘ಇದೇನು ಸಂಸಾರ ನಿಮ್ಮದು’ ಅನ್ನುತ್ತಾರೆ.

ಭಾನುವಾರ ಸಂಜೆ, ಭದ್ರಾವತಿ ಹೊಸಮನೆಯಲ್ಲಿ
ನನ್ನ ಜೆರಾಕ್ಸ್ ಅಂಗಡಿಯ ಶಟರು ಅರ್ಧ ಇಳಿಸಿ
ಒಳಗೆ ಕೂರುತ್ತೇವೆ. ಡ್ಯೂಟಿ ಇಲ್ಲದಿದ್ದರೆ ನರ್ಸ್ ಜೆಸಿಂತಾ.
ಡಿಪೋದಿಂದ ನೇರ ಬರುವ ಕಂಡಕ್ಟರ್ ಹಾಲೇಶಿ,
ಎಲ್ಲಿಗೆ ನಿಲ್ಲಿಸಿದೆನೋ ಅಲ್ಲಿಗೊಂದು ಟಿಕೆಟ್ ಇಡುವವನು.
ಡಿಗ್ರಿ ಎರಡನೇ ವರ್ಷದ ರುಖಿಯಾ.
ಮತ್ತೆ ತಂಗವೇಲು. ಪೇಪರ್ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ.
ಓದಲು ಶುರುಮಾಡಿದ್ದು ಮಿಲ್ಲು ನಿಂತ ಮೇಲೆ.

‘ಮೊದಲೆಲ್ಲ ಬರೀ ಖಾಲಿ ಹಾಳೆ ನೋಡ್ತಿದ್ದೆ,
ದಿನಕ್ಕೆ ಮೈಲಿಗಟ್ಟಲೆ.
ಅದರಲ್ಲಿ ಕಲೆ ಹುಡುಕೋದೇ ಕೆಲಸ.
ಈಗ ನೋಡಿ, ಪುಟದ ತುಂಬ ಕಲೆ,
ಸಾಲಾಗಿ ನಿಲ್ಲಿಸಿದಾರೆ.’

ನಮಗೊಂದು ಚಟ: ಪುಸ್ತಕದ ಮೇಲೆಯೇ ಬರೆದ ಕಾದಂಬರಿಗಳು.
ಹಲಸಿನ ಹಣ್ಣು ತಿನ್ನುತ್ತ ಹಲಸಿನ ಸುದ್ದಿಯನ್ನೇ ಆಡಿದ ಹಾಗೆ
ಅನ್ನುತ್ತಾಳೆ ಜೆಸಿಂತಾ.
ಈ ಸಲದ್ದರಲ್ಲಿ ಒಬ್ಬಳು ಮುದುಕಿ, ಲೈಬ್ರರಿಯವಳು,
ನಿವೃತ್ತಿಯ ಮಾರನೇ ದಿನ ಲೆಡ್ಜರು ಬಗಲಲ್ಲಿಟ್ಟು
ವಾಪಸು ಬಾರದ ಪುಸ್ತಕಗಳ ಹಿಂದೆ ಮನೆಮನೆ ಹೊರಡುತ್ತಾಳೆ.
ಒಂದು ಮನೆಯಲ್ಲಿ ಅದು ಮಂಚದ ಕುಂಟುಕಾಲಿಗೆ ಆಧಾರ.
ಇನ್ನೊಂದರಲ್ಲಿ, ತಲೆದಿಂಬಿನಡಿ ಅದಿಲ್ಲದೆ ಮಗು ಮಲಗದು.
ಮುದುಕಿ ಬರಿಗೈಲೇ ಹೊರಬಂದು
‘ಬಂದಿದೆ’ ಎಂದು ಲೆಡ್ಜರಿನಲ್ಲಿ ಗೀಟು ಹೊಡೆಯುತ್ತಾಳೆ.
ರುಖಿಯಾ ಮೂಗೊರೆಸಿ, ನೆಗಡಿ ಅಂದಳು.

ಕೊನೆಯ ಮನೆ. ಪುಟ ಇನ್ನೂರ ಹತ್ತು:
ಬಾಗಿಲು ತೆರೆದ ಹೆಂಗಸು ಇವಳನ್ನೇ ದಿಟ್ಟಿಸಿ,
ಅಷ್ಟೇ. ಆಮೇಲೆ ಇನ್ನೂರ ಹದಿಮೂರು:
ಎಂದಳು. ಬಾಗಿಲು ಮುಚ್ಚಿತು.
ನಡುವೆ ಹಲ್ಲು ಹಲ್ಲಾದ ಒಂದು ಅಂಚು.

‘ಚಿಲ್ಲರೆ ಇಲ್ಲ, ಮುಂದೆ ಹೋಗು ಅಂದಿರ್ತಾಳೆ’ ಹಾಲೇಶಿ.
‘ಓದೋರು ಹೋದರು, ಅದನ್ನೂ ಜೊತೆಗೇ ಕಳಿಸಿದ್ವಿ’ ಜೆಸಿಂತಾ;
ವಾರ್ಡಿನಲ್ಲಿ ಇಂಥವು ಕೇಳಿದವಳು.
‘ಆ ಪುಸ್ತಕ ಬರೆದವಳೇ ನಾನು!’ ಇದು ರುಖಿಯಾಳದ್ದು.
ನಾನು, ಮಾಡಿದ ಜೆರಾಕ್ಸಿಗೆಲ್ಲ ಮೂಲ ಬೇಕೆನ್ನುವವಳು,
ಸುಮ್ಮನಿದ್ದೆ.

ತಂಗವೇಲು ಊಹಿಸಲಿಲ್ಲ. ಪುಟವನ್ನು ಟ್ಯೂಬ್‌ಲೈಟಿಗೆ ಹಿಡಿದು
‘ನಮ್ಮ ಮಾಲು ಇರಬೇಕು. ಬಿದಿರು ಹಾಕ್ತಿದ್ದ ಕಾಲದ್ದು’ ಅಂದರು.
ಹರಿದಂಚಿನ ಗುಂಟ ಬೆರಳಾಡಿಸಿದರು.
‘ಸಿಟ್ಟಲ್ಲಿ ಹರಿದದ್ದಲ್ಲ ಇದು. ಮಡಿಸಿ, ಎಂಜಲು ಹಚ್ಚಿ,
ನಿಧಾನ ಎಳೆದಿದಾರೆ.
ಬೇಕಾಗಿತ್ತು ಅವರಿಗೆ.’

ಮುಂದಿನ ವಾರ ಒಂದು ಖಾಲಿ ಹಾಳೆ ತಂದರು,
ಹೆಂಡತಿಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟದ್ದು.
ಅಳತೆಗೆ ಕತ್ತರಿಸಿ ಮೈದಾ ಅಂಟಿನಲ್ಲಿ ಕೂರಿಸಿದರು.

ಸುಶೀಲಾಬಾಯಿ ಸಿಡಿದರು. ‘ಯಾರನ್ನ ಕೇಳಿ ಮಾಡಿದ್ರಿ? ಡ್ಯಾಮೇಜು ಇದು!’
ದಂಡದ ರಸೀದಿ ಹುಡುಕಿದರು, ಸಿಗಲಿಲ್ಲ.
ಇಂಕ್ ಪ್ಯಾಡ್ ಸಿಕ್ಕಿತು. ಖಾಲಿ ಹಾಳೆಯ ನಟ್ಟನಡುವೆ
ಮೊಹರು ಕುಟ್ಟಿದರು, ಮೇಜು ಅದುರುವಂತೆ.
ಆಮೇಲೆ ಕೆಂಪು ಪೆನ್ನಿನಲ್ಲಿ, ಮೂಲೆಯಲ್ಲಿ, ಗುಂಡಗೆ: ೨೧೧.

ಎರಡು ತಿಂಗಳು ಯಾರ ಯಾರ ಮನೆ ತಿರುಗಿತೋ.
ಹಾಲೇಶಿಯ ಕಾರ್ಡಿನಲ್ಲಿ ಮತ್ತೆ ತಂದೆವು.
ಆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಯಾರದೋ ಹಾಲಿನ ಲೆಕ್ಕ.
ರುಖಿಯಾ ಬ್ಯಾಗಿನಿಂದ ರಬ್ಬರ್ ತೆಗೆದಳು.
ತಂಗವೇಲು ಅಂಗೈ ಅಡ್ಡ ಇಟ್ಟು, ಗಂಟಲು ಸರಿಮಾಡಿ,
ಇನ್ನೂರ ಹತ್ತರಿಂದ, ಎಲ್ಲೂ ನಿಲ್ಲದೆ, ಓದಿದರು:

ಬಾಗಿಲು ತೆರೆದ ಹೆಂಗಸು ಇವಳನ್ನೇ ದಿಟ್ಟಿಸಿ,
ಸೋಮವಾರ ಅರ್ಧ, ಮಂಗಳವಾರ ಅರ್ಧ,
ಬುಧವಾರ ಒಂದು, ನೆಂಟರು,
ಗುರುವಾರ ಇಲ್ಲ,
ಎಂದಳು. ಬಾಗಿಲು ಮುಚ್ಚಿತು.

ಹೊರಗೆ ಯಾರೋ ಶಟರು ಬಡಿದು, ಆಧಾರ್ ಕಾರ್ಡು
ಎರಡು ಕಾಪಿ ಬೇಕೆಂದರು. ನಾನು ಏಳಲಿಲ್ಲ.
‘ಅಲ್ಲ,’ ಹಾಲೇಶಿ ಮೆಲ್ಲಗೆ ಕೇಳಿದ,
‘ಗುರುವಾರ ಯಾಕಿಲ್ಲ?’