ಗಾಳಿಗೆ ಎಷ್ಟು ಹಾರ್ಸ್‌ಪವರ್

ಹಳೇ ಗಾಡಿ ಗುಜರಿಗೆ ಹೋದ ಮರುದಿನ
ಭಟ್ಟಿಯ ಖೈರುನ್ನೀಸಾ ಅಮ್ಮ
ಬುರ್ಖಾದ ಮೇಲೆ ಕೂತ ಹೊಟ್ಟಿನ ಬೂದಿ ಕೊಡವಿಕೊಂಡು
‘ನಡಿ ತಿಪ್ಪೇಶ, ಹೊಸದು ನೋಡಾಣ’ ಅಂದರು.
ದುಡ್ಡು ಅವರದು.
ಎದೆ ಹೊಡಕೊಂಡಿದ್ದು ಮಾತ್ರ ನಂದು.

ಪಿ.ಬಿ. ರಸ್ತೆಯಲ್ಲಿ ಒಂದೇ ಸಾಲಿಗೆ ಮೂರು ಶೋರೂಮು.
ಮೂರರಲ್ಲೂ ಇಸ್ತ್ರಿ ಅಂಗಿಯ ಹುಡುಗರು,
ಹೆಣ್ಣು ಕೇಳಲು ಬಂದ ಬೀಗರ ಹಾಗೆ
ತಮ್ಮದನ್ನು ಹೊಗಳಿ, ಪಕ್ಕದ ಮನೆಯದಕ್ಕೆ ಕೆಮ್ಮುವರು.

ಮೊದಲನೆಯದು ನಾಲ್ಕು ಸಿಲಿಂಡರ್, ಟರ್ಬೊ.
‘ದುರ್ಗದ ಕೋಟೆ ಕಲ್ಲು ಹೇರ್ರಿ, ಎಳೀತೈತಿ.’
ಎರಡನೆಯದು ಮೂರು ಸಿಲಿಂಡರ್.
‘ಆಚೆಯವರದು ಕುಡುಕ ಗಾಡಿ ಅಮ್ಮಾ,
ಸಂಜೆಗೆ ನಿಮ್ಮ ಗಲ್ಲಾನೇ ಕುಡೀತೈತಿ.’
ಮೂರನೆಯದಕ್ಕೆ ಎರಡೇ.
ಅದರ ಹುಡುಗ ದನಿ ತಗ್ಗಿಸಿ ಅಂದ, ‘ಇದೂ ಡೀಸೆಲ್ಲೇ.’

ನಾನು ಬಾನೆಟ್ಟಿಗೆ ಕಿವಿ ಕೊಟ್ಟೆ.
ಎರಡು ಸಿಲಿಂಡರಿನದು
ತುಂಬಿದ ಕೊಡ ಹೊತ್ತ ಮುದುಕಿ ಮೆಟ್ಟಿಲು ಹತ್ತುವ ಸದ್ದು.
ನಾಲ್ಕರದು, ಅಪ್ಪ ದುಡಿದ ಹತ್ತಿ ಮಿಲ್ಲು
ರಾತ್ರಿ ಪಾಳಿಗೆ ಶುರುವಾದ ಸದ್ದು.
ಆ ಮಿಲ್ಲು ನಾನು ನೋಡುವ ಹೊತ್ತಿಗೆ ಬೀಗ ಹಾಕಿತ್ತು.
ಆದರೂ ಗುರುತು ಸಿಕ್ಕಿತು.

ಎಪಿಎಂಸಿ ಗೇಟಿನ ಸ್ಟ್ಯಾಂಡಿನಲ್ಲಿ
ಮನುಷ್ಯರನ್ನು ಸಿಸಿಯಲ್ಲಿ ಅಳೆಯುತ್ತಾರೆ.
ಕೆಂಚಪ್ಪನದು ಮೆಕ್ಕೆಜೋಳ, ಹಾಲೇಶಿಯದು ಸಿಮೆಂಟು,
ಪಟ್ಟಿ ಕೂಗುತ್ತವೆ, ಟಯರು ಅಪ್ಪಚ್ಚಿಯಾಗುತ್ತವೆ,
ಚಹಾ ಗ್ಲಾಸು ಅವರ ಕೈಗೆ ಮೊದಲು ಬರುತ್ತದೆ.
ನಾನು ಹೇರುವುದು ಮಂಡಕ್ಕಿ.
‘ಗಾಳಿ ಸಾಗ್ಸೋನು ಬಂದ’ ಅಂತಾರೆ.

‘ಏನು ತುಂಬ್ತೀರಿ ಅಮ್ಮಾ?’
‘ಮಂಡಕ್ಕಿ.’
ಟರ್ಬೊ ಹುಡುಗ ನಕ್ಕುಬಿಟ್ಟ.
‘ಅಷ್ಟೇನಾ? ಅದಕ್ಕೆ ಯಾವ್ದಾದ್ರೂ ನಡೀತೈತಿ ಬಿಡ್ರಿ.’
ಮೂವತ್ತು ವರ್ಷ ಕಾದ ಮರಳಿನ ಮುಂದೆ ನಿಂತ ಹೆಂಗಸು
ಅವನನ್ನೇ ನೋಡಿದರು.
‘ನಾಳೆ ಭಟ್ಟಿಗೆ ತಗೊಂಬಾ. ತುಂಬಿಸಿ ನೋಡ್ತೀನಿ.’

ಆಷಾಢ.
ಕ್ಯಾಬಿನ್ನಿಗಿಂತ ಎರಡಾಳೆತ್ತರ ಚೀಲ ಒಟ್ಟಿ
ಹಗ್ಗ ಬಿಗಿದು ದುರ್ಗದ ದಿಕ್ಕಿಗೆ ಬಿಟ್ಟೆ.
ಆನಗೋಡಿನ ತನಕ ನಾನೇ ರಾಜ.
ಕಾಲು ಇಟ್ಟರೆ ಸಾಕು, ಲಾರಿಗಳು ಹಿಂದಕ್ಕೆ ಸರಿಯುತ್ತಿದ್ದವು.
ಭರಮಸಾಗರ ದಾಟಿದ್ದೇ
ಗುಡ್ಡದ ಮೇಲಿನ ಫ್ಯಾನುಗಳು ತಿರುಗುತ್ತಿದ್ದ ಕಡೆಯಿಂದ
ಅಡ್ಡಗಾಳಿ ಬಂದು ಪಕ್ಕೆಗೆ ಹೆಗಲು ಕೊಟ್ಟಿತು.
ಲೋಡು ಅನ್ನೋದು ಲೋಡಾಗಿ ಉಳಿಯಲಿಲ್ಲ,
ಬಿಚ್ಚಿದ ಪಂಚೆಯಾಯಿತು.
ಟರ್ಬೊ ಮುಂದಕ್ಕೆ, ಗಾಳಿ ಆಚೆಗೆ,
ನಡುವೆ ನನ್ನ ಎರಡು ಮಣಿಕಟ್ಟು.

ನಮ್ಮಿಬ್ಬರ ಮಧ್ಯೆ ಸಿಕ್ಕಿಕೊಂಡು ಕೂತಿದ್ದ ಹುಡುಗನನ್ನ
ಅಮ್ಮ ಮೆತ್ತಗೆ ಕೇಳಿದರು:
‘ಇಂಜಿನ್ನಿಂದು ಹೇಳಿದಿ, ತಿಳೀತು.
ಗಾಳಿಗೆ ಎಷ್ಟು ಹಾರ್ಸ್‌ಪವರ್, ಮರಿ?’
ಅವನು ಪುಸ್ತಕ ತೆಗೆದ, ನಿಜವಾಗಿಯೂ,
ಪುಟ ತಿರುವಿದ.

ಮೂರನೆಯ ದಿನ ಸಣ್ಣದರ ಸರದಿ.
ತಗ್ಗು ಗಾಡಿ, ಹೊಟ್ಟೆ ನೆಲಕ್ಕೆ ಹತ್ತಿರ.
ಐವತ್ತೈದಕ್ಕೇ ಮೈ ನಡುಗಿಸಿ ‘ಸಾಕು’ ಅಂತು.
ಬಸ್ಸುಗಳು ಹಾರನ್ ಬೈದುಕೊಂಡು ಹೋದವು.
ಅದೇ ಜಾಗ, ಅದೇ ಗಾಳಿ,
ಚೀಲಗಳು ಕುರಿಗಳ ಹಾಗೆ ಒತ್ತಾಗಿ ಕೂತವು.
ಹೋಗುವಾಗ ತುಂಬಿ, ಬರುವಾಗ ಖಾಲಿ,
ಅದಕ್ಕೆ ಭೇದವೇ ತಿಳಿಯಲಿಲ್ಲ.
ಅಮ್ಮ ನಿದ್ದೆ ಹೋಗಿದ್ದರು.
ಎದ್ದವರು ಸಹಿ ಹಾಕಿದರು.

ಸ್ಟ್ಯಾಂಡಿನಲ್ಲಿ ಕೆಂಚಪ್ಪ ಬಗ್ಗಿ ನೋಡಿದ.
‘ಎಷ್ಟು ಸಿಲಿಂಡರ್ಲೇ?’
ನಾನು ಬಾನೆಟ್ಟಿನ ಮೇಲಿನ ಹೊಟ್ಟು ಊದಿದೆ.
ಊದಿದಷ್ಟೂ ಇತ್ತು.

ಟರ್ಬೊ ಹುಡುಗ ಹೊರಡುವಾಗ ಬಿಟ್ಟಿ ಕೊಟ್ಟಿದ್ದ
ಅವನ ಕಂಪನಿಯ ಕೀ ಚೈನು, ಹಿತ್ತಾಳೆಯದು, ಭಾರ.
ಸಣ್ಣ ಗಾಡಿಯ ಕೀಲಿಗೆ ಅದನ್ನೇ ಹಾಕಿದ್ದೇನೆ.
ಜೇಬಿನಲ್ಲಿ ತೂಗುತ್ತದೆ.
ಅಮ್ಮ ನೋಡಿದ್ದಾರೆ, ಏನೂ ಅಂದಿಲ್ಲ.