ಮೂರು ಹೆಂಚು

ಸೀಮೆಸುಣ್ಣದಲ್ಲಿ ನಂಬರು ಬರೆದೇ ಕಿತ್ತಿದ್ದೆ
ನೆಲಮಾಳಿಗೆಯ ಬಳ್ಳಿಹೂವಿನ ಬಿಲ್ಲೆಗಳನ್ನು.
ಸಾಲಾಗಿ ಗೋಡೆಗೊರಗಿಸಿ
ಅಶೋಕ ರಸ್ತೆಗೆ ಹೋಗಿ ಟೀ ಕುಡಿದು ಬರುವಷ್ಟರಲ್ಲಿ
ಹುಡುಗ ಸವರಿ ಒದ್ದೆ ಬಟ್ಟೆ ಹಿಡಿದು
ಅಷ್ಟನ್ನೂ ಒರೆಸಿ ಥಳಥಳ ಮಾಡಿಟ್ಟಿದ್ದ.
"ಧೂಳಾಗಿತ್ತು ಕಣಣ್ಣ."

ಬಾಯಿಗೆ ಬಂದದ್ದು ಬೈದೆ,
ಮೇಲೆ ಪೀಠವಿದೆ ಅನ್ನುವುದನ್ನೂ ಮರೆತು.
ಅಂಚಿಗೆ ಅಂಚು ಸೇರಿಸಿ, ತೆಗೆದು, ಮತ್ತೆ ಸೇರಿಸಿ
ಮಂಡಿಯೂರಿ ಕೂತಿದ್ದಾಗ
ಗಂಟೆ ಹೊಡೆಯುವ ರಾಯಪ್ಪಜ್ಜ ಮೆಟ್ಟಿಲಿಳಿದ, ಕೈಯಲ್ಲಿ ಬ್ಯಾಟರಿ.
"ಬುಡ್ಲಾ, ಬೈಬ್ಯಾಡ. ಇಲ್ಲಿರೋ ಅಮ್ಮನ ಹೆಸರೇ
ಹಿಂಗೆ ಕಲಸಿಕೊಂಡು ಸಿಕ್ಕಿದ್ದು."

ಅವನು ಹೇಳಿದ್ದು ಇಷ್ಟು:
ರೋಮಿನ ಮಣ್ಣಿನಡಿಯ ಸುರಂಗದಲ್ಲಿ
ಗೋಡೆಯ ಗೂಡೊಂದರ ಬಾಯಿಗೆ ಮೂರು ಸುಟ್ಟ ಹೆಂಚು,
ಮೇಲೆ ಕೆಂಪಕ್ಷರ.
ಲುಮೆನಾ. ಪಾಕ್ಸ್ ತೆ. ಕುಂ ಫಿ.
ತಲೆಬುಡ ತಿಳಿಯದ ಮಾತು.
ಮೊದಲ ಹೆಂಚನ್ನೆತ್ತಿ ಕೊನೆಗಿಟ್ಟು ಓದು:
ಪಾಕ್ಸ್ ತೆಕುಂ ಫಿಲುಮೆನಾ.
ಶಾಂತಿ ನಿನ್ನೊಂದಿಗಿರಲಿ, ಫಿಲುಮೆನಾ.

ಅಜ್ಜ ಹೋದ. ನನ್ನ ಕರಣೆ ನಿಂತುಹೋಯಿತು.

ಯಾರವನು, ನನ್ನ ಕಸುಬಿನವನು?
ಕುಡಿದಿರಲಿಲ್ಲ, ಅದನ್ನು ಒಬ್ಬ ಗಾರೆಯವನಾಗಿ ಹೇಳಬಲ್ಲೆ.
ಓದು ಬಾರದವನಿರಬೇಕು. ದೀಪದೆಣ್ಣೆ ಮುಗಿಯುತ್ತಿತ್ತೇನೋ.
ಹಗಲೆಲ್ಲ ಒಡೆಯನ ಹಿತ್ತಿಲಲ್ಲಿ ಕಲ್ಲು ಹೊತ್ತು
ರಾತ್ರಿ ಇಲ್ಲಿಳಿದು ತನ್ನವರಿಗೆ ಗೂಡು ಕೊರೆದವನು.
ಹಿಂದೆ ನಿಂತ ತಾಯಿಗೆ ಬಿಕ್ಕಲೂ ಭಯ.
ಸುಣ್ಣ ಯಾರ ದುಃಖಕ್ಕೂ ಕಾಯುವುದಿಲ್ಲ, ಬಿಗಿಯುತ್ತದೆ.
ಕೈಗೆ ಸಿಕ್ಕ ಹೆಂಚು ಕೈಗೆ ಸಿಕ್ಕ ಹಾಗೆ ಇಟ್ಟ.

ಮೇಲೆ ಪಟ್ಟಣ. ಬೀದಿಗೊಂದು ದೇವರು, ದೇವರಿಗೊಂದು ಹೊಗೆ.
ಜ್ವರ ಬಂದ ವರ್ಷ
ಉಸಿರಿದ್ದವರನ್ನೂ ಎತ್ತಿ ರಸ್ತೆಗಿಟ್ಟು ಕದ ಹಾಕಿಕೊಂಡವರ ನಡುವೆ
ಈ ನೆಲದಡಿಯವರು ನೀರು ತಂದರಂತೆ.
ಯಾರ ಮನೆಯವನು ಅಂತ ಕೇಳದೆ ಮೈ ಒರೆಸಿ
ಸತ್ತರೆ ಹೆಗಲು ಕೊಟ್ಟರಂತೆ.
ನನಗೆ ಉಪದೇಶಿಗಳು ಕಲಿಸಿದ್ದು ಬೇರೆ, ಉದ್ದದ್ದು.
ಹಬ್ಬಿದ್ದು ಮಾತ್ರ ಹೀಗೇ ಇರಬೇಕು:
ಒಬ್ಬಳು ಪಕ್ಕದ ಮನೆಗೆ ಹೆಪ್ಪು ಕೇಳಲು ಹೋಗಿ
ಅವಳ ಮನೆಯ ಹಾಲೂ ಬೆಳಗಾಗುವಷ್ಟರಲ್ಲಿ ಮೊಸರಾದ ಹಾಗೆ.

ಆಮೇಲೆ ದೊರೆಯೇ ಒಪ್ಪಿದ. ಅಮೃತಶಿಲೆ ಬಂತು, ನೂಲು ಹಿಡಿದ ಕಂಬ ಬಂತು,
ಹೆಸರು ತಪ್ಪದೆ ಕೆತ್ತುವ ಸಂಬಳದ ಶಿಲ್ಪಿಗಳು ಬಂದರು.
ಇಲ್ಲೂ ಅಡಿಗಲ್ಲಿಟ್ಟವರು ದೊರೆಗಳೇ, ಬೇಡವೆನ್ನಲಾರೆ.
ಆಕಾಶಕ್ಕೇರಿದ ಈ ಎರಡು ಗೋಪುರ
ಒಂದು ದಾರದಷ್ಟೂ ವಾಲಿಲ್ಲ.
ಆದರೂ ತೂಗುಗುಂಡು ಬಿಟ್ಟಾಗಲೆಲ್ಲ
ಅದು ಕೆಳಗೇ ತೋರಿಸುತ್ತದೆ.

ನಮ್ಮವ್ವನ ಗೋರಿ ಪಾಲಹಳ್ಳಿಯಲ್ಲಿದೆ.
ಅವಳೂ ಹೋದದ್ದು ಜ್ವರದಲ್ಲೇ. ಹೆಸರು ಆರೋಗ್ಯಮ್ಮ.
ಮೂರನೇ ಕ್ಲಾಸಿನ ನಾನು
ಹಸಿ ಸಿಮೆಂಟಿನ ಮೇಲೆ ಮೊಳೆಯಲ್ಲಿ ಕೊರೆದೆ: ಆರೋಮ್ಯಗ್ಗ.
ಅಪ್ಪನಿಗೆ ಅಕ್ಷರ ಬಾರದು. "ಚೆಂದಾಗೈತೆ ಮಗ" ಅಂದ,
ಟವಲಿನಲ್ಲಿ ಮುಖ ಮುಚ್ಚಿಕೊಂಡ.
ವರ್ಷವರ್ಷ ಸತ್ತವರ ಹಬ್ಬಕ್ಕೆ ಹೋಗಿ
ಮೇಣದಬತ್ತಿ ಹಚ್ಚುತ್ತೇನೆ,
ಆ ಎರಡಕ್ಷರದ ಮೇಲೆ ಮಾತ್ರ
ಚೆಂಡುಹೂವು ದಟ್ಟವಾಗಿ ಹಾಕುತ್ತೇನೆ.
ಇಪ್ಪತ್ತೆರಡು ವರ್ಷದಿಂದ ಉಳಿ ಚೀಲದಲ್ಲೇ ಇದೆ.

ಎರಡು ಗಂಟೆ ಹೊಡೆಯಿತು. "ಬಾರೋ, ಹಿಡಿ" ಅಂದೆ.
ಸವರಿ ಒಂದೊಂದೇ ಕೊಟ್ಟ, ಒಂದೊಂದೇ ಕೂರಿಸಿದೆ.
ಬಳ್ಳಿ ಬಳ್ಳಿಗೆ ಸೇರಿತು, ಹೆಚ್ಚುಕಡಿಮೆ.
"ಅಣ್ಣ, ಆ ಮೂಲೇದು ಒಂದು ಹೂವ ಗೋಡೆ ಕಡೆ ತಿರುಗೈತೆ."
"ಗೊತ್ತು ಕಣೋ. ಗಾರೆ ಕಚ್ಚಿಕೊಂಡಾಯ್ತು.
ಲೈಟಾರಿಸು."