ಮೂರನೇ ಮಡಿಕಿ

ಮುಹೂರ್ತ ಇಲ್ಲದ ಮಂಗಳವಾರ.
ಬೆಳಗಾವಿ ಶಹಾಪುರದಾಗ
ಒಂದು ಮಂಗಲ ಕಾರ್ಯಾಲಯ ಬಾಡಿಗಿ ಹಿಡಿದು
ನೆಲದ ಮ್ಯಾಲೆ ಹಾಯಿ ಹಾಸಿದ್ದರು.
ಮನಿ ಅಂಗಳದಾಗ ಹಿಡಿಸಲಿಲ್ಲಂತ.
ಹಿಂದಿನ ಮದಿವಿ ಅಕ್ಷತಿಕಾಳು
ಅಲ್ಲಲ್ಲಿ ಅದರ ಬೆನ್ನಿಗೆ ಹತ್ತಿದ್ದವು.

"ದೋಣಿ ನಾ ನೋಡೇನಿ," ಅಂದ ಯಮನೂರಪ್ಪ.
"ಅಂಬಿಗೇರ ಹುಡುಗ, ತಳ ನನಗ ತಿಳೀತೈತಿ.
ಅರಿವಿ ನೀ ನೋಡು ಸಾವಂತ್ರೆವ್ವಾ."
ಗುಳೇದಗುಡ್ಡದಿಂದ ಕರಕೊಂಡು ಬಂದಿದ್ದ.
ನನಗ ಬಸ್ಸು ಪುಕ್ಕಟೆ, ಅವಂಗ ಟಿಕೇಟು.

ನಲವತ್ತು ವರ್ಷ ಖಣ ನೇಯ್ದಾಕಿ ನಾನು.
ಎದಿ ಮುಚ್ಚುವಷ್ಟು ಅರಿವಿ ಬಲ್ಲೆ.
ಇದು ಓಣಿ ಮುಚ್ಚುವಷ್ಟು.
ಸಮುದ್ರ ನೋಡಿಲ್ಲ.

ಮಾರಾವರು ಕ್ಯಾಂಪಿನ ಮಸ್ಕರೇನ್ಹಸ್ ಸಾಹೇಬ್ರು.
ಬಿಳಿ ಗಡ್ಡ, ಕಾಲಾಗ ಬೂಟಿಲ್ಲ.
ಹಾಯಿ ತುಳಿಯಬಾರದಂತ ತಾವೇ ಬಿಚ್ಚಿಟ್ಟಿದ್ದರು.
ಅದೊಂದು ನನಗ ಸೇರಿತು.
"ಎರಡೇ ಹಂಗಾಮು ಬಳಸೀವಿ,
ಅದೂ ತಣ್ಣನ ಗಾಳಿಯೊಳಗ," ಅಂದ್ರು.
ನಾ ಏನೂ ಅನಲಿಲ್ಲ. ಅರಿವಿ ಮಾತಾಡೂ ಮುಂದ
ನಡುವ ಬಾಯಿ ಹಾಕಬಾರದು.

ಮುದುಡಿ ಕಿವಿಗೆ ಹಿಡಿದೆ.
ಗಂಜಿ ಇದ್ದ ಅರಿವಿ ಹಪ್ಪಳ ಮುರಿದ್ಹಂಗ ಅಂತೈತಿ.
ಇದು ಉಸ್ ಅಂತು, ಹಳೇ ಧೋತರದ್ಹಂಗ.
"ಗಂಜಿ ಹೋಗೇತಿ."
"ಇದಕ್ಕ ಹಾಕೂದು ಗಂಜಿ ಅಲ್ಲ, ರಾಳ," ಸಾಹೇಬ್ರು ನಕ್ಕರು.
"ಯಾವುದಾದರೂ ಹೋದರ ಹೋಯಿತ್ರಿ."

ಹಾಸಿನುದ್ದ ಎಳೆದೆ, ಬರಲಿಲ್ಲ. ಹೊಕ್ಕಿನ ಗುಂಟ, ಬರಲಿಲ್ಲ.
ಓರೆ ಎಳೆದರ ಬಂತು,
ಬಂದದ್ದು ತಿರುಗಿ ಹೋಗಲಿಲ್ಲ.
ಹಡೆದ ಹೊಟ್ಟಿ. ಗಾಳಿ ತುಂಬಿದರ ಹಿಂದಕ್ಕ ಜೋತು ಬೀಳತೈತಿ,
ದೋಣಿ ಮುಂದ ಹೋಗೂದು ಬಿಟ್ಟು ಮಗ್ಗಲಕ್ಕ ವಾಲತೈತಿ.
ಹಿಂದಿನದು ನನ್ನ ಬೆರಳು ಹೇಳಿದ್ದು,
ಮುಂದಿನದು ಯಮನೂರಪ್ಪ ಬಿಡಿಸಿ ಹೇಳಿದ.

ಅರಿವಿಕಿಂತ ಮದಲ ಸಾಯೂದು ದಾರ.
ಉಗುರು ಕೊಟ್ಟು ಒಂದು ಹೊಲಿಗಿ ಎಬ್ಬಿಸಿದೆ.
ಪುಡಿ.
ಮಾಳಿಗಿ ಮ್ಯಾಲೆ ಮರೆತ ಕುಂಚಿಗಿ ಹಿಂಗ ಆಗತೈತಿ.
ಹಿಂದಿನ ಅಂಚು ಬಡಕೊಂಡು ಬಡಕೊಂಡು ಜೂಲು ಬಂದಿತ್ತು.
ಕಡ್ಡಿ ತೂರಿಸೋ ಕಿಸೆ ನಾಕು, ಮೂರರ ಬಾಯಿ ಹರಿದಿತ್ತು.
ನಾಕನೇದು ಯಾಕ ಉಳೀತೋ ತಿಳೀಲಿಲ್ಲ.

ಆಮ್ಯಾಲೆ ಮಡಿಕಿ.
ಗಾಳಿ ಏರಿದಾಗ ಹಾಯಿ ಮಡಚಿ ಸಣ್ಣದು ಮಾಡಾಕ
ಮೂರು ಸಾಲು ಕಣ್ಣು ಇಟ್ಟಿರತಾರ.
ಮದಲನೇ ಸಾಲು ಸುಮಾರು. ಎರಡನೇದು ಸುಮಾರು.
ಮೂರನೇ ಸಾಲಿನ ಹಿತ್ತಾಳಿ ಕಣ್ಣು
ಜಗ್ಗಿ ಜಗ್ಗಿ ಬಾದಾಮಿ ಬೀಜದಂಗ ಉದ್ದಾಗಿದ್ದವು.
ಸುತ್ತ ಕೈಹೊಲಿಗಿ, ಡೊಂಕು,
ಕತ್ತಲದಾಗ, ತೊಯ್ದ ಕೈಯಿಂದ ಹಾಕಿದ್ದು.

"ಸಾಹೇಬ್ರ, ತಣ್ಣನ ಗಾಳಿ ಅಂದ್ರಿ."
ಅವರು ಪ್ಲಾಸ್ಟಿಕ್ ಖುರ್ಚಿ ಎಳಕೊಂಡು ಕುಂತರು.
"ಒಂದ ರಾತ್ರಿ," ಅಂದ್ರು. "ದೇವಗಡದ ಮುಂದ."
ಅಷ್ಟೇ ಅಂದ್ರು.

ಯಮನೂರಪ್ಪ ನನ್ನ ಹೊರಗ ಕರೆದ.
"ಸುಳ್ಳು ಹೇಳ್ಯಾನ. ಬಿಟ್ಟಬಿಡೂನು."
"ಸುಳ್ಳಿಗೆ ಐದು ಸಾವಿರ ಮುರಿ," ಅಂದೆ.
"ಹಾಯಿಗೆ ಪೂರ್ತಿ ಮುರಿ, ಅದು ಪೆಂಡಾಲಿಗೂ ಆಗೂದಿಲ್ಲ.
ಆದರ ಮೂರನೇ ಮಡಿಕಿ
ಐಬಿನ ಲೆಕ್ಕಕ್ಕ ಹಿಡೀಬ್ಯಾಡ.
ಅಂಜೂ ಹೊತ್ತಿಗೆ ಅಂಜಿದ ಮನಿಶಾ
ದೋಣಿ ಛಲೋ ಇಟ್ಟಿರತಾನ."

ಒಳಗ ಏನು ಮಾತಾತೋ, ನಾ ಹೋಗಲಿಲ್ಲ.
ಕಿಡಕಿಯಾಗಿಂದ ನೋಡಿದರ ಇಬ್ಬರೂ ಮಣಕಾಲೂರಿ
ಹಾಯಿ ಮಡಚಾಕ ಹತ್ತಿದ್ದರು,
ನಡುನಡುವ ಅಕ್ಕಿಕಾಳು ಆರಿಸಿ ತೆಗೆದು.

ಯರಗಟ್ಟಿಯೊಳಗ ಬಸ್ಸು ನಿಂತಾಗ ಬಜಿ ತಿಂದೆ,
ಬೆರಳು ನೆಕ್ಕಿದೆ. ಉಪ್ಪು.
ಬಜಿದು ಅಂದುಕೊಂಡೆ.
ಇನ್ನೊಂದು ಕೈ, ಬಜಿ ಮುಟ್ಟದ ಕೈ,
ಯಾರೂ ನೋಡದಂಗ ನಾಲಿಗಿಗೆ ಹಚ್ಚಿದೆ.
ಅದೂ ಉಪ್ಪು.